ಕರುಳಿನ ಕಿರುಮಾದರಿಗೆ ಸಾಮಾನ್ಯ ಪ್ರಯೋಗಾಲಯ: ಸಣ್ಣ ಉದ್ಯಮಕ್ಕೂ ನಿಲುಕುವ ಸೌಲಭ್ಯ

ಬ್ಯಾಡಗಿಯ ಮೆಣಸಿನಕಾಯಿ ವರ್ತಕರು ತಮ್ಮ ದಾಸ್ತಾನಿಗಾಗಿ ಒಬ್ಬೊಬ್ಬರೂ ಒಂದೊಂದು ಶೀತಲಗೃಹವನ್ನು ಕಟ್ಟಿಸುವುದಿಲ್ಲ. ಆಭರಣ ವ್ಯಾಪಾರಿಗಳು ಚಿನ್ನದ ಶುದ್ಧತೆಯನ್ನು ದೃಢಪಡಿಸಿಕೊಳ್ಳಲು ಒಡವೆಗಳನ್ನು ಹಾಲ್‌ಮಾರ್ಕ್ ಕೇಂದ್ರಕ್ಕೆ ಕಳುಹಿಸುತ್ತಾರೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಅಚ್ಚು ಮತ್ತು ಉಪಕರಣಗಳ ತಯಾರಿಕೆಯಲ್ಲಿ ಸಣ್ಣ ಕೈಗಾರಿಕೆಗಳಿಗೆ ಒದಗಿಸಿದ ನೆರವು ಸರ್ವವಿದಿತ. ಒಬ್ಬರ ಬಂಡವಾಳಕ್ಕೆ ನಿಲುಕದ ಸೌಲಭ್ಯವನ್ನು ಹಲವರು ಶುಲ್ಕ ತೆತ್ತು ಬಳಸಿಕೊಳ್ಳುವ ಪದ್ಧತಿ ವ್ಯಾಪಾರೋದ್ಯಮಕ್ಕೆ ಹೊಸದೇನಲ್ಲ.

ಇದೇ ಪದ್ಧತಿ ಈಗ ವೈದ್ಯಕೀಯ ಸಂಶೋಧನೆಯ ಅತ್ಯಂತ ಸೂಕ್ಷ್ಮವಾದ ಕ್ಷೇತ್ರವೊಂದರಲ್ಲಿ ಬೇರೂರಿದೆ. ಮನುಷ್ಯನ ಕರುಳು ಅಥವಾ ಜಠರದ ಒಳಪದರವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಕಿರುರೂಪದಲ್ಲಿ ಬೆಳೆಸಿ, ಅದರ ಮೇಲೆ ಔಷಧ, ರೋಗಾಣು ಹಾಗೂ ಸೋಂಕುನಿವಾರಕಗಳ ಪರಿಣಾಮವನ್ನು ಪರೀಕ್ಷಿಸುವ ವಿದ್ಯೆಯದು. ಇಂತಹ ಕಿರುಮಾದರಿಗಳನ್ನು ಆರ್ಗನಾಯ್ಡ್ ಎಂದು ಕರೆಯುತ್ತಾರೆ. ಅವನ್ನು ಬೆಳೆಸಿ, ಕಾಪಾಡಿ, ಕೇಳಿದವರಿಗೆ ಒದಗಿಸುವ ಸಾಮಾನ್ಯ ಪ್ರಯೋಗಾಲಯಗಳು ಅಮೆರಿಕ ಮತ್ತು ಯುರೋಪಿನಲ್ಲಿ ನೆಲೆಗೊಂಡಿವೆ. ಔಷಧ, ಪೌಷ್ಟಿಕ ಆಹಾರ, ಸೋಂಕುನಿವಾರಕ, ಪ್ರಯೋಗಾಲಯ ಸಾಮಗ್ರಿ ಮುಂತಾದವುಗಳ ತಯಾರಿಕೆಯಲ್ಲಿ ತೊಡಗಿರುವ ಸಣ್ಣ ಉದ್ಯಮಿಗಳು ಈ ಬೆಳವಣಿಗೆಯನ್ನು ಅರಿತುಕೊಳ್ಳುವುದು ಅಗತ್ಯ.

ಆರ್ಗನಾಯ್ಡ್ ಎಂದರೇನು?

ಕರುಳಿನ ಒಳಪದರವು ಕೆಲವೇ ದಿನಗಳಿಗೊಮ್ಮೆ ಸಂಪೂರ್ಣವಾಗಿ ಹೊಸದಾಗುತ್ತದೆ. ಹಳೆಯ ಜೀವಕೋಶಗಳು ಉದುರಿ, ಅವುಗಳ ಸ್ಥಾನಕ್ಕೆ ಹೊಸವು ಬರುತ್ತವೆ. ಈ ನಿರಂತರ ಉತ್ಪಾದನೆಗೆ ಮೂಲವಾದ ಆಕರ ಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಒಳಪದರದ ಸಣ್ಣ ಕುಳಿಗಳ ತಳದಲ್ಲಿರುತ್ತವೆ. ನೆದರ್ಲೆಂಡ್ಸ್ ದೇಶದ ಯೂಟ್ರೆಕ್ಟ್ ನಗರದಲ್ಲಿರುವ ಹ್ಯೂಬ್ರೆಕ್ಟ್ ಸಂಸ್ಥೆಯ ಹಾನ್ಸ್ ಕ್ಲೆವರ್ಸ್ ಅವರ ತಂಡವು 2007ರಲ್ಲಿ ಈ ಕೋಶಗಳನ್ನು ಗುರುತಿಸುವ ಎಲ್‌ಜಿಆರ್5 ಎಂಬ ಗುರುತನ್ನು ಪತ್ತೆ ಮಾಡಿತು. 2009ರಲ್ಲಿ ಅದೇ ತಂಡದ ತೊಷಿರೊ ಸಾಟೊ ಮತ್ತು ಸಂಗಡಿಗರು ಇಲಿಯ ಕರುಳಿನ ಅಂತಹ ಒಂದೇ ಒಂದು ಕೋಶದಿಂದ ಕುಳಿಗಳೂ ಉಬ್ಬುಗಳೂ ಇರುವ ಕಿರುಗರುಳನ್ನು ಬೆಳೆಸಿ ತೋರಿಸಿದರು. 2011ರ ವೇಳೆಗೆ ಮನುಷ್ಯನ ದೊಡ್ಡ ಕರುಳಿನ ಅಂಗಾಂಶದಿಂದಲೂ ಇದು ಸಾಧ್ಯವಾಯಿತು. ಅದೇ ವರ್ಷ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ತಂಡವು ಯಾವ ಅಂಗವಾಗಿ ಬೇಕಾದರೂ ಬೆಳೆಯಬಲ್ಲ ಆಕರ ಕೋಶಗಳಿಂದ ಕರುಳಿನ ಮಾದರಿಯನ್ನು ರೂಪಿಸಿತು.

ಎಂಡೋಸ್ಕೋಪಿ ಪರೀಕ್ಷೆಯ ವೇಳೆ ರೋಗಿಯಿಂದ ತೆಗೆದ ಅಕ್ಕಿಕಾಳಿನಷ್ಟು ಸಣ್ಣ ಚೂರು ಈ ಕಾರ್ಯಕ್ಕೆ ಸಾಕು. ಆ ಚೂರಿನಿಂದ ಕುಳಿಗಳನ್ನು ಬೇರ್ಪಡಿಸಿ, ತಣ್ಣಗಿರುವಾಗ ದ್ರವವಾಗಿದ್ದು ಮೈಬಿಸಿಯಲ್ಲಿ ಗಟ್ಟಿಯಾಗುವ ಜೆಲ್‌ನಲ್ಲಿ ಬೆರೆಸಿ, ತಟ್ಟೆಯ ಮೇಲೆ ಹನಿಹನಿಯಾಗಿ ಇಡಲಾಗುತ್ತದೆ. ಅದರ ಮೇಲೆ ಪೋಷಕ ದ್ರಾವಣವನ್ನು ಸುರಿದು, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಇನ್‌ಕ್ಯುಬೇಟರಿನಲ್ಲಿ ಇರಿಸಿದರೆ ಕೆಲವೇ ದಿನಗಳಲ್ಲಿ ಟೊಳ್ಳಾದ ಸಣ್ಣ ಗೋಳಗಳು ಮೂಡುತ್ತವೆ. ಬೆಳೆದವುಗಳನ್ನು ಒಡೆದು ಮತ್ತೆ ಹೊಸ ಜೆಲ್‌ನಲ್ಲಿ ನೆಟ್ಟರೆ ಸಂಖ್ಯೆ ಹೆಚ್ಚುತ್ತಾ ಹೋಗುತ್ತದೆ. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವಂತೆ ಒಂದಿಷ್ಟು ಭಾಗವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟುಕೊಂಡರೆ ವರ್ಷಗಳ ನಂತರವೂ ಅದೇ ರೋಗಿಯ ಕರುಳಿನ ಮಾದರಿಯನ್ನು ಪುನಃ ಬೆಳೆಸಬಹುದು.

ಕಷ್ಟವಿರುವುದು ಎಲ್ಲಿ?

ಮೇಲಿನ ವಿವರಣೆಯನ್ನು ಓದಿದವರಿಗೆ ಇದು ಸುಲಭಸಾಧ್ಯವೆಂದು ತೋರಬಹುದು. ಒಮ್ಮೆ ಬೆಳೆಸುವುದು ಅಷ್ಟೇನೂ ಕಷ್ಟವಲ್ಲ. ಪ್ರತಿ ವಾರವೂ ಒಂದೇ ಗುಣಮಟ್ಟದಲ್ಲಿ ಬೆಳೆಸುವುದೇ ಕಷ್ಟ. ಯಾವುದೇ ತಯಾರಕನಿಗೆ ಈ ಮಾತಿನ ಅರ್ಥ ಕೂಡಲೇ ಮನದಟ್ಟಾಗುತ್ತದೆ. ಒಂದು ಮಾದರಿ ತುಣುಕನ್ನು ಸೊಗಸಾಗಿ ಮಾಡಿ ತೋರಿಸುವುದು ಬೇರೆ, ಸಾವಿರ ತುಣುಕುಗಳನ್ನು ಅದೇ ಅಳತೆಗೆ ಮಾಡಿ ಕೊಡುವುದು ಬೇರೆ.

ಮೊದಲನೆಯ ತೊಡಕು ಜೆಲ್‌ನದು. ವ್ಯಾಪಕವಾಗಿ ಬಳಕೆಯಲ್ಲಿರುವ ಮ್ಯಾಟ್ರಿಜೆಲ್ ಎಂಬ ಜೆಲ್ಲನ್ನು ಇಲಿಯ ಒಂದು ಬಗೆಯ ಗೆಡ್ಡೆಯಿಂದ ತಯಾರಿಸುತ್ತಾರೆ. ಪ್ರಾಣಿಜನ್ಯ ವಸ್ತುವಾದ್ದರಿಂದ ಒಂದು ತಂಡದ ಸರಕಿಗೂ ಇನ್ನೊಂದು ತಂಡದ ಸರಕಿಗೂ ಗುಣದಲ್ಲಿ ವ್ಯತ್ಯಾಸವಿರುತ್ತದೆ. ಸಾಗಣೆಯಲ್ಲಿ ಶೈತ್ಯ ಕಡಿಮೆಯಾದರೆ ಸೀಸೆಯಲ್ಲೇ ಗಟ್ಟಿಯಾಗಿ ನಿರುಪಯುಕ್ತವಾಗುತ್ತದೆ. ಎರಡನೆಯದು ಪೋಷಕ ದ್ರಾವಣ. ಇದಕ್ಕೆ ಬೇಕಾದ ಡಬ್ಲ್ಯುಎನ್‌ಟಿ, ಆರ್-ಸ್ಪಾಂಡಿನ್, ನಾಗಿನ್ ಮೊದಲಾದ ಪ್ರೋಟೀನುಗಳು ಶುದ್ಧರೂಪದಲ್ಲಿ ಬಹಳ ದುಬಾರಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಮೂರನ್ನೂ ಒಟ್ಟಿಗೆ ಸ್ರವಿಸುವ ಎಲ್-ಡಬ್ಲ್ಯುಆರ್‌ಎನ್ ಎಂಬ ಕೋಶಗಳನ್ನು ರೂಪಿಸಿ, ಅವುಗಳಿಂದ ದ್ರಾವಣ ತಯಾರಿಸುವ ವಿಧಾನವನ್ನು 2013ರಲ್ಲಿ ಪ್ರಕಟಿಸಿದರು. ಇದರಿಂದ ವೆಚ್ಚ ಗಣನೀಯವಾಗಿ ತಗ್ಗಿತು. ಆದರೆ ಹೀಗೆ ಮನೆಯಲ್ಲೇ ತಯಾರಿಸಿದ ದ್ರಾವಣದ ಪ್ರತಿಯೊಂದು ತಂಡದ ಸತ್ವವನ್ನೂ ಪರೀಕ್ಷಿಸಿಯೇ ಬಳಸಬೇಕು. ಮೂರನೆಯದು ಕೈಗುಣ. ಎರಡು ಮೂರು ದಿನಗಳಿಗೊಮ್ಮೆ ದ್ರಾವಣ ಬದಲಿಸಬೇಕು, ಸುಮಾರು ವಾರಕ್ಕೊಮ್ಮೆ ಒಡೆದು ನೆಡಬೇಕು. ಕರುಳು ಸೂಕ್ಷ್ಮಾಣುಗಳ ತವರಾದ್ದರಿಂದ ಹೊಸ ಚೂರಿನೊಂದಿಗೆ ಸೋಂಕು ಬಾರದಂತೆ ಎಚ್ಚರ ವಹಿಸಬೇಕು. ರಜಾದಿನವೆಂದು ಕೈಬಿಟ್ಟರೆ ತಿಂಗಳುಗಳ ಶ್ರಮ ವ್ಯರ್ಥವಾಗುತ್ತದೆ.

ವರ್ಷಕ್ಕೆ ಎರಡೋ ಮೂರೋ ಪರೀಕ್ಷೆ ಅಗತ್ಯವಿರುವ ಸಂಸ್ಥೆಯೊಂದು ಇಷ್ಟೆಲ್ಲವನ್ನೂ ವರ್ಷವಿಡೀ ನಿರ್ವಹಿಸುವುದು ಲಾಭದಾಯಕವಲ್ಲ. ಸಾಮಾನ್ಯ ಪ್ರಯೋಗಾಲಯದ ಅಗತ್ಯ ಹುಟ್ಟಿರುವುದು ಈ ಲೆಕ್ಕಾಚಾರದಿಂದಲೇ.

ಹ್ಯೂಸ್ಟನ್ನಿನ ವ್ಯವಸ್ಥೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಪೈಕಿ ಮಧುಮೇಹ, ಜೀರ್ಣಾಂಗ ಮತ್ತು ಮೂತ್ರಪಿಂಡ ರೋಗಗಳಿಗೆ ಸಂಬಂಧಿಸಿದ ಸಂಸ್ಥೆಯು ಹಲವು ವಿಶ್ವವಿದ್ಯಾಲಯಗಳಲ್ಲಿ ಜೀರ್ಣಾಂಗ ರೋಗಗಳ ಸಂಶೋಧನಾ ಕೇಂದ್ರಗಳಿಗೆ ಅನುದಾನ ನೀಡುತ್ತಾ ಬಂದಿದೆ. ಈ ಅನುದಾನದ ವೈಶಿಷ್ಟ್ಯವೆಂದರೆ, ಅದು ಒಬ್ಬ ವಿಜ್ಞಾನಿಯ ಒಂದು ಯೋಜನೆಗೆ ಸಲ್ಲುವುದಿಲ್ಲ. ಹಲವರು ಬಳಸುವ ಸಾಮಾನ್ಯ ಸೇವಾ ಘಟಕಗಳನ್ನು ನಡೆಸಲು ಸಲ್ಲುತ್ತದೆ. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ ಬೇಲರ್ ವೈದ್ಯಕೀಯ ಕಾಲೇಜನ್ನು ಆಶ್ರಯಿಸಿರುವ ಜೀರ್ಣಾಂಗ ರೋಗಗಳ ಕೇಂದ್ರವು ಇಂತಹ ಒಂದು ಸಂಸ್ಥೆ. ಅದರ ಸೇವಾ ಘಟಕವು ಮನುಷ್ಯನ ಕರುಳಿನ ಆರ್ಗನಾಯ್ಡ್‌ಗಳನ್ನು ಬೆಳೆಸಿ ಸಂಶೋಧಕರಿಗೆ ಒದಗಿಸುತ್ತದೆ. ಮಿಷಿಗನ್ ವಿಶ್ವವಿದ್ಯಾಲಯವೂ ಇದೇ ಮಾದರಿಯ ಅಂಗಾಂಶ ಪ್ರಯೋಗಾಲಯವನ್ನು ರೂಪಿಸಿದೆ.

ಇಂತಹ ಘಟಕಗಳಿಂದ ಸಾಮಾನ್ಯವಾಗಿ ದೊರೆಯುವ ಸೇವೆಗಳು ನಾಲ್ಕು ಬಗೆಯವು: ಸಿದ್ಧವಾಗಿರುವ ಆರ್ಗನಾಯ್ಡ್‌ಗಳ ಪೂರೈಕೆ, ಪರೀಕ್ಷಿಸಿದ ಪೋಷಕ ದ್ರಾವಣದ ಪೂರೈಕೆ, ಗ್ರಾಹಕರು ತಂದ ಅಂಗಾಂಶದಿಂದ ಹೊಸ ಮಾದರಿಗಳನ್ನು ಬೆಳೆಸಿಕೊಡುವುದು ಮತ್ತು ತರಬೇತಿ. ದರಪಟ್ಟಿಯಲ್ಲಿ ಸದಸ್ಯ ಸಂಶೋಧಕರಿಗೆ ಒಂದು ದರ, ಹೊರಗಿನ ವಿದ್ಯಾಸಂಸ್ಥೆಗಳಿಗೆ ಇನ್ನೊಂದು, ವಾಣಿಜ್ಯ ಸಂಸ್ಥೆಗಳಿಗೆ ಮತ್ತೊಂದು ಎಂಬ ವ್ಯತ್ಯಾಸ ವಾಡಿಕೆ. ವಾಣಿಜ್ಯ ದರ ಹೆಚ್ಚಾಗಿದ್ದರೂ ಸ್ವಂತ ಪ್ರಯೋಗಾಲಯದ ನಿರ್ವಹಣೆಗೆ ಹೋಲಿಸಿದರೆ ಅದು ಸಣ್ಣ ಬಾಬತ್ತು.

ಸೋಂಕುನಿವಾರಕ ತಯಾರಕರಿಗೊಂದು ಪಾಠ

ಈ ಸೌಲಭ್ಯದಿಂದ ಉದ್ಯಮಕ್ಕೆ ಒದಗುವ ಪ್ರಯೋಜನಕ್ಕೆ ನೊರೊವೈರಸ್‌ನ ಉದಾಹರಣೆ ಸಾಕು. ವಾಂತಿಭೇದಿಯನ್ನುಂಟುಮಾಡುವ ಈ ವೈರಸ್ಸು 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್‌ವಾಕ್ ಎಂಬ ಊರಿನ ಶಾಲೆಯಲ್ಲಿ ಹರಡಿದ ಕಾಯಿಲೆಯಿಂದಾಗಿ ಬೆಳಕಿಗೆ ಬಂದಿತು. 1972ರಲ್ಲಿ ಸೂಕ್ಷ್ಮದರ್ಶಕದಡಿ ಗುರುತಿಸಲ್ಪಟ್ಟಿತು. ಆದರೆ ಮುಂದಿನ ನಾಲ್ಕು ದಶಕಗಳ ಕಾಲ ಅದನ್ನು ಪ್ರಯೋಗಾಲಯದಲ್ಲಿ ತೃಪ್ತಿಕರವಾಗಿ ಬೆಳೆಸಲಾಗಲಿಲ್ಲ. ಬೆಳೆಸಲಾಗದ ವೈರಸ್ಸು ಯಾವ ದ್ರಾವಣದಿಂದ ಸಾಯುತ್ತದೆಂದು ಪರೀಕ್ಷಿಸುವುದಾದರೂ ಹೇಗೆ? ಬೆಕ್ಕಿಗೆ ಅಥವಾ ಇಲಿಗೆ ತಗಲುವ ಸಂಬಂಧಿ ವೈರಸ್ಸುಗಳ ಮೇಲೆ ಪರೀಕ್ಷೆ ನಡೆಸಿ, ಮನುಷ್ಯನ ವೈರಸ್ಸಿಗೂ ಅದು ಅನ್ವಯಿಸುತ್ತದೆಂದು ಭಾವಿಸುವುದು ಅನಿವಾರ್ಯವಾಗಿತ್ತು.

2016ರಲ್ಲಿ ಬೇಲರ್ ಕಾಲೇಜಿನ ಮೇರಿ ಎಸ್ಟೀಸ್ ಅವರ ತಂಡವು ಮನುಷ್ಯನ ಕರುಳಿನ ಆರ್ಗನಾಯ್ಡ್‌ಗಳಲ್ಲಿ ಈ ವೈರಸ್ಸನ್ನು ಬೆಳೆಸುವುದರಲ್ಲಿ ಯಶಸ್ವಿಯಾಯಿತು. ಕೆಲವು ಪ್ರಭೇದಗಳಿಗೆ ಪಿತ್ತರಸವನ್ನೂ ಸೇರಿಸಬೇಕಾಯಿತು. ಎರಡು ವರ್ಷಗಳ ನಂತರ, 2018ರಲ್ಲಿ, ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಂಶೋಧಕರು ಇದೇ ವಿಧಾನದಿಂದ ಸೋಂಕುನಿವಾರಕಗಳನ್ನು ಪರೀಕ್ಷಿಸಿದರು. ಆಲ್ಕೋಹಾಲ್ ದ್ರಾವಣಗಳು ವೈರಸ್ಸನ್ನು ಸಂಪೂರ್ಣವಾಗಿ ನಿಷ್ಕ್ರಿಯಗೊಳಿಸಲಿಲ್ಲ. ಕ್ಲೋರಿನ್ ದ್ರಾವಣ ನಿಷ್ಕ್ರಿಯಗೊಳಿಸಿತು. ಹೋಟೆಲು, ವಿದ್ಯಾರ್ಥಿನಿಲಯ ಮತ್ತು ಆಸ್ಪತ್ರೆಗಳಿಗೆ ಕೈಶುದ್ಧಿಯ ದ್ರಾವಣಗಳನ್ನು ಪೂರೈಸುವ ತಯಾರಕರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಸೆಯ ಮೇಲಿನ ಚೀಟಿಯಲ್ಲಿ ಮುದ್ರಿಸಿದ ಭರವಸೆಯು ನಿಜವಾದ ವೈರಸ್ಸಿನೆದುರು ನಿಲ್ಲುವುದೋ ಇಲ್ಲವೋ ಎಂಬುದನ್ನು ಈಗ ಪರೀಕ್ಷಿಸಿಯೇ ತಿಳಿಯಬಹುದಾಗಿದೆ. ತಯಾರಕ ತಾನಾಗಿ ಪರೀಕ್ಷಿಸದಿದ್ದರೆ ಮುಂದೊಂದು ದಿನ ಖರೀದಿದಾರನೇ ಪರೀಕ್ಷಿಸಬಹುದು.

ಯೂಟ್ರೆಕ್ಟ್: ಅಪರೂಪದ ರೋಗಿಗಳ ಪಾಲಿನ ಆಸರೆ

ಇನ್ನೊಂದು ಉದಾಹರಣೆ ಔಷಧ ಕ್ಷೇತ್ರದ್ದು. ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ಶ್ವಾಸಕೋಶ ಮತ್ತು ಜೀರ್ಣಾಂಗಗಳೆರಡನ್ನೂ ಬಾಧಿಸುವ ಆನುವಂಶಿಕ ರೋಗ. ಜೀವಕೋಶದ ಪೊರೆಯಲ್ಲಿ ಲವಣ ಹಾಗೂ ನೀರಿನ ಸಂಚಾರವನ್ನು ನಿಯಂತ್ರಿಸುವ ಪ್ರೋಟೀನು ಕೆಟ್ಟಿರುವುದೇ ಇದಕ್ಕೆ ಕಾರಣ. 2013ರಲ್ಲಿ ಯೂಟ್ರೆಕ್ಟಿನ ಸಂಶೋಧಕರು ಅತ್ಯಂತ ಸರಳವಾದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಆರೋಗ್ಯವಂತರ ಕರುಳಿನ ಆರ್ಗನಾಯ್ಡ್‌ಗೆ ಫೋರ್‌ಸ್ಕೋಲಿನ್ ಎಂಬ ರಾಸಾಯನಿಕವನ್ನು ಸೇರಿಸಿದರೆ ನೀರು ಒಳಸೇರಿ ಅದು ಉಬ್ಬುತ್ತದೆ. ರೋಗಿಯದು ಉಬ್ಬುವುದಿಲ್ಲ ಅಥವಾ ಬಹಳ ಕಡಿಮೆ ಉಬ್ಬುತ್ತದೆ. ಔಷಧ ಬೆರೆಸಿದ ನಂತರ ರೋಗಿಯ ಆರ್ಗನಾಯ್ಡ್ ಉಬ್ಬತೊಡಗಿದರೆ ಆ ಔಷಧವು ಆ ರೋಗಿಗೆ ಫಲಕಾರಿಯಾಗುವ ಸಂಭವವಿದೆ ಎಂದು ತಿಳಿಯಬಹುದು.

ಈ ರೋಗಕ್ಕೆ ಕಾರಣವಾಗುವ ವಂಶವಾಹಿ ದೋಷಗಳು ನೂರಾರು. ಕೆಲವು ದೋಷಗಳಿರುವವರ ಸಂಖ್ಯೆ ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಅಷ್ಟು ಕಡಿಮೆ ಜನರ ಮೇಲೆ ದೊಡ್ಡ ಪ್ರಮಾಣದ ಔಷಧ ಪರೀಕ್ಷೆ ನಡೆಸುವುದು ಸಾಧ್ಯವಿಲ್ಲ; ಪರೀಕ್ಷೆಯಿಲ್ಲದೆ ಅವರಿಗೆ ಔಷಧವೂ ದಕ್ಕುವುದಿಲ್ಲ. ಇಂತಹವರಿಗಾಗಿ ಯುರೋಪಿಯನ್ ಒಕ್ಕೂಟದ ನೆರವಿನಿಂದ ನಡೆದ ಹಿಟ್-ಸಿಎಫ್ ಎಂಬ ಯೋಜನೆಯಲ್ಲಿ ಸುಮಾರು 500 ರೋಗಿಗಳ ಆರ್ಗನಾಯ್ಡ್‌ಗಳನ್ನು ಒಂದೆಡೆ ಸಂಗ್ರಹಿಸಿ ಔಷಧಗಳನ್ನು ಪರೀಕ್ಷಿಸಲಾಯಿತು. ಬೇರೆ ಬೇರೆ ದೇಶಗಳ ಆಸ್ಪತ್ರೆಗಳು ಪ್ರತ್ಯೇಕವಾಗಿ ಈ ಕಾರ್ಯಕ್ಕೆ ಕೈಹಾಕಿದ್ದರೆ ಫಲಿತಾಂಶಗಳನ್ನು ಹೋಲಿಸಿ ನೋಡುವುದು ದುಸ್ತರವಾಗುತ್ತಿತ್ತು.

ಯೂಟ್ರೆಕ್ಟಿನ ಅನುಭವದಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅಲ್ಲಿನ ತಂತ್ರಜ್ಞಾನವನ್ನು ಇತರರಿಗೆ ಒದಗಿಸುವ ಸಲುವಾಗಿ 2013ರಲ್ಲಿ ಲಾಭರಹಿತ ಸಂಸ್ಥೆಯಾಗಿ ಆರಂಭವಾದ ‘ಹಬ್’ ಎಂಬ ಸಂಸ್ಥೆಯು ಮಾದರಿಗಳ ಸಂಗ್ರಹ, ಪರವಾನಗಿ ಮತ್ತು ಪರೀಕ್ಷಾ ಸೇವೆಗಳಿಗೆ ಹೆಸರಾಯಿತು. 2024ರ ಡಿಸೆಂಬರಿನಲ್ಲಿ ಜರ್ಮನಿಯ ಮರ್ಕ್ ಕಂಪನಿಯು ಅದನ್ನು ಕೊಳ್ಳುವುದಾಗಿ ಪ್ರಕಟಿಸಿತು. ದೊಡ್ಡ ಸಂಸ್ಥೆಯ ಬಂಡವಾಳದಿಂದ ಸೇವೆ ವಿಸ್ತಾರಗೊಳ್ಳಬಹುದು. ಆದರೆ ಊರಿನ ಕೆರೆಯ ತೂಬು ಒಂದೇ ಮನೆತನದ ಕೈಗೆ ಬಂದಾಗ ನೀರಿನ ಸರದಿಯನ್ನು ಯಾರು ನಿರ್ಧರಿಸುತ್ತಾರೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಸಾರ್ವಜನಿಕ ಸ್ವಾಮ್ಯದ ಪ್ರಯೋಗಾಲಯಗಳೂ ಜೊತೆಜೊತೆಗೆ ಬೆಳೆಯಬೇಕೆನ್ನುವುದಕ್ಕೆ ಇದೇ ಕಾರಣ. ಅಮೆರಿಕ ಸರ್ಕಾರವು 2025ರ ಸೆಪ್ಟೆಂಬರಿನಲ್ಲಿ ಮೇರಿಲ್ಯಾಂಡ್ ರಾಜ್ಯದ ಫ್ರೆಡೆರಿಕ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಏಕರೂಪದ ಆರ್ಗನಾಯ್ಡ್‌ಗಳನ್ನು ರೂಪಿಸುವ ಕೇಂದ್ರವನ್ನು ಘೋಷಿಸಿ, ಮೊದಲ ಮೂರು ವರ್ಷಗಳಿಗೆ 8.7 ಕೋಟಿ ಡಾಲರ್ ತೆಗೆದಿರಿಸಿದೆ.

ಇತಿಮಿತಿಗಳು

ಆರ್ಗನಾಯ್ಡ್ ಎಂದರೆ ಸಂಪೂರ್ಣ ಕರುಳಲ್ಲ. ಅಂಗಾಂಶದಿಂದ ಬೆಳೆಸಿದ ಮಾದರಿಯಲ್ಲಿ ಒಳಪದರದ ಕೋಶಗಳಿರುತ್ತವೆಯೇ ಹೊರತು ರಕ್ತನಾಳ, ನರ, ಸ್ನಾಯು ಮತ್ತು ರೋಗನಿರೋಧಕ ಕೋಶಗಳು ಇರುವುದಿಲ್ಲ. ಆಹಾರ ಸಂಚರಿಸುವ ಮೇಲ್ಮೈ ಗೋಳದ ಒಳಭಾಗಕ್ಕೆ ಮುಖಮಾಡಿರುವುದರಿಂದ ಔಷಧ ಅಥವಾ ರೋಗಾಣುವನ್ನು ಅಲ್ಲಿಗೆ ತಲುಪಿಸಲು ಸೂಕ್ಷ್ಮ ಸೂಜಿಯಿಂದ ಚುಚ್ಚಬೇಕು ಅಥವಾ ಕೋಶಗಳನ್ನು ಚಪ್ಪಟೆ ಪದರವಾಗಿ ಬೆಳೆಸಬೇಕು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯೂಟ್ರೆಕ್ಟಿನ ಸಂಶೋಧಕರು ಒಂದು ಬಗೆಯ ಇ-ಕೋಲಿ ಬ್ಯಾಕ್ಟೀರಿಯಾವನ್ನು ಐದು ತಿಂಗಳ ಕಾಲ ಪದೇಪದೇ ಹೀಗೆ ಚುಚ್ಚಿ, ಅದು ಮನುಷ್ಯನ ಕರುಳಿನ ಕೋಶಗಳ ಡಿಎನ್‌ಎ ಮೇಲೆ ವಿಶಿಷ್ಟವಾದ ಹಾನಿಯ ಗುರುತನ್ನು ಉಳಿಸುವುದನ್ನು ತೋರಿಸಿದರು. ಇಂತಹ ಶ್ರಮಸಾಧ್ಯ ಕಾರ್ಯವು ಅಗ್ಗವಾಗಿಯೂ ಬೇಗನೆಯೂ ಆಗಬೇಕೆಂದು ಬಯಸುವುದು ಸರಿಯಲ್ಲ.

ನಮ್ಮ ದೇಶದ ಸ್ಥಿತಿ

ಭಾರತದಲ್ಲಿ ಈ ಕ್ಷೇತ್ರಕ್ಕೆ ಕಾನೂನಿನ ಬಾಗಿಲು ತೆರೆದಿದೆ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಗಳಿಗೆ ಕೇಂದ್ರ ಸರ್ಕಾರವು 2023ರ ಮಾರ್ಚ್‌ನಲ್ಲಿ ತಂದ ತಿದ್ದುಪಡಿಯು, ಔಷಧವನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಮುನ್ನ ನಡೆಸುವ ಪರೀಕ್ಷೆಗಳಲ್ಲಿ ಪ್ರಾಣಿಪ್ರಯೋಗದೊಂದಿಗೆ ಮಾನವ ಜೀವಕೋಶ ಆಧಾರಿತ ವಿಧಾನಗಳಿಗೂ ಸ್ಥಾನ ಕಲ್ಪಿಸಿತು. ಅಮೆರಿಕವು 2022ರ ಡಿಸೆಂಬರಿನಲ್ಲೇ ಇಂತಹ ಶಾಸನ ಮಾಡಿತ್ತು. ಹೈದರಾಬಾದಿನಲ್ಲಿ ಸಿಸಿಎಂಬಿ ಸಂಸ್ಥೆಯ ಅಟಲ್ ಇನ್‌ಕ್ಯುಬೇಷನ್ ಕೇಂದ್ರವು ಮಾನವಮಾದರಿ ಪರೀಕ್ಷೆಗಳಿಗೆಂದೇ ಪ್ರತ್ಯೇಕ ಕೇಂದ್ರವನ್ನು ರೂಪಿಸಿದೆ.

ಬೆಂಗಳೂರಿಗೆ ಸಾಮಾನ್ಯ ಪ್ರಯೋಗಾಲಯದ ಪರಿಕಲ್ಪನೆ ಚಿರಪರಿಚಿತ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ 2009ರಲ್ಲಿ ಸ್ಥಾಪನೆಯಾದ ಸಿ-ಕ್ಯಾಂಪ್ ಸಂಸ್ಥೆಯು ಜೀವವಿಜ್ಞಾನದ ದುಬಾರಿ ಉಪಕರಣಗಳ ಸೇವೆಯನ್ನು ಶುಲ್ಕದ ಆಧಾರದ ಮೇಲೆ ಸಂಶೋಧಕರಿಗೂ ಉದ್ಯಮಗಳಿಗೂ ಒದಗಿಸುತ್ತಿದೆ. ಸಾರ್ವಜನಿಕ ಸಂಸ್ಥೆಗಳಲ್ಲಿರುವ ಉಪಕರಣಗಳನ್ನು ಕಾಯ್ದಿರಿಸಿಕೊಳ್ಳಲು ಅನುವಾಗುವ ಐ-ಸ್ಟೆಮ್ ಜಾಲತಾಣವು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಲೋಕಾರ್ಪಣೆಗೊಂಡಿತು. ಉಪಕರಣ ಹಂಚಿಕೊಳ್ಳುವುದರಿಂದ ಜೀವಂತ ಅಂಗಾಂಶ ಹಂಚಿಕೊಳ್ಳುವುದರತ್ತ ಸಾಗುವುದೇ ಮುಂದಿನ ಹೆಜ್ಜೆ. ಇದಕ್ಕೆ ಆಸ್ಪತ್ರೆಗಳ ಸಹಕಾರ, ನೈತಿಕ ಸಮಿತಿಯ ಅನುಮತಿ ಮತ್ತು ಅಂಗಾಂಶ ನೀಡುವ ರೋಗಿಯ ತಿಳಿವಳಿಕೆಯ ಒಪ್ಪಿಗೆ ಕಡ್ಡಾಯ.

ಪೂರೈಕೆಯ ಕ್ಷೇತ್ರದಲ್ಲೂ ಅವಕಾಶಗಳಿವೆ. ಪೋಷಕ ದ್ರಾವಣಗಳ ತಯಾರಿಕೆಯಲ್ಲಿ ಮುಂಬಯಿಯ ಹೈಮೀಡಿಯಾ, ಪ್ಲಾಸ್ಟಿಕ್ ಪ್ರಯೋಗಾಲಯ ಸಾಮಗ್ರಿಗಳಲ್ಲಿ ಕೋಲ್ಕತ್ತದ ಟಾರ್ಸನ್ಸ್ ಈಗಾಗಲೇ ಹೆಸರು ಮಾಡಿವೆ. ಹೈನುರಾಸುಗಳ ಕೃತಕ ಗರ್ಭಧಾರಣೆಗಾಗಿ ಹಳ್ಳಿಹಳ್ಳಿಗೂ ದ್ರವ ಸಾರಜನಕ ತಲುಪಿಸುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ದಶಕಗಳಿಂದ ನಡೆದಿದೆ. ಶೀತಲ ಸಾಗಣೆಯ ಪೆಟ್ಟಿಗೆ, ಉಷ್ಣತೆ ದಾಖಲಿಸುವ ಸಾಧನ, ಸೋಂಕುರಹಿತ ತಟ್ಟೆ, ಚಿತ್ರಗಳಿಂದ ಆರ್ಗನಾಯ್ಡ್‌ಗಳ ಗಾತ್ರವನ್ನು ಅಳೆಯುವ ತಂತ್ರಾಂಶ ಇತ್ಯಾದಿಗಳು ಸಣ್ಣ ಕೈಗಾರಿಕೆಗಳ ಶಕ್ತಿಗೆ ಮೀರಿದವಲ್ಲ. ಪ್ರತಿಯೊಂದು ತಂಡದ ಸರಕೂ ಒಂದೇ ಗುಣಮಟ್ಟದಲ್ಲಿರಬೇಕೆಂಬ ನಿಯಮ ಮಾತ್ರ ಇಲ್ಲಿ ಕಟ್ಟುನಿಟ್ಟಾದುದು.

ಸೇವೆ ಪಡೆಯುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ದೇಶದಲ್ಲಾಗಲಿ ಹೊರಗಾಗಲಿ ಇಂತಹ ಪ್ರಯೋಗಾಲಯಕ್ಕೆ ಪರೀಕ್ಷೆಯನ್ನು ವಹಿಸುವ ಉದ್ಯಮಿಯು ಕೆಲವು ವಿಷಯಗಳನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಒಳಿತು.

1. ಅಂಗಾಂಶ ನೀಡಿದವರು ವಾಣಿಜ್ಯ ಬಳಕೆಗೂ ಒಪ್ಪಿಗೆ ನೀಡಿದ್ದಾರೆಯೆ?

2. ಆರ್ಗನಾಯ್ಡ್ ಎಷ್ಟು ಬಾರಿ ಒಡೆದು ನೆಟ್ಟಿದ್ದು? ಅದು ಹೇಳಿದ ವ್ಯಕ್ತಿಯದೇ ಎಂಬುದಕ್ಕೆ ಡಿಎನ್‌ಎ ಪರೀಕ್ಷೆ ನಡೆದಿದೆಯೆ? ಮೈಕೊಪ್ಲಾಸ್ಮಾ ಸೋಂಕಿಲ್ಲವೆಂದು ಖಾತರಿಯಿದೆಯೆ?

3. ಒಬ್ಬರ ಅಂಗಾಂಶದಿಂದ ಮಾತ್ರವೇ ಅಥವಾ ಹಲವರ ಅಂಗಾಂಶಗಳಿಂದ ಪರೀಕ್ಷೆ ನಡೆಯುತ್ತದೆಯೆ? ಒಬ್ಬರ ಕರುಳಿನ ಫಲಿತಾಂಶ ಎಲ್ಲರಿಗೂ ಅನ್ವಯಿಸುವುದಿಲ್ಲ.

4. ಬೆಳೆ ವಿಫಲವಾದರೆ ಮರುಪರೀಕ್ಷೆಯ ವೆಚ್ಚ ಯಾರದು?

5. ಫಲಿತಾಂಶದ ಒಡೆತನ ಯಾರದು? ಬಳಸಿದ ವಿಧಾನಕ್ಕೆ ಪೇಟೆಂಟ್ ಪರವಾನಗಿ ಬೇಕೆ?

ಈ ಐದಕ್ಕೂ ಸ್ಪಷ್ಟ ಉತ್ತರ ನೀಡದ ಪ್ರಯೋಗಾಲಯದ ವರದಿಯನ್ನು ಖರೀದಿದಾರರೂ ನಿಯಂತ್ರಣ ಪ್ರಾಧಿಕಾರಗಳೂ ಮಾನ್ಯ ಮಾಡುವುದು ಕಷ್ಟ.

ಆರ್ಗನಾಯ್ಡ್ ವಿಜ್ಞಾನದ ಯಶಸ್ಸಿನಲ್ಲಿ ಒಂದು ಪಾಲು ಹೊಸ ಶೋಧದ್ದಾದರೆ ಇನ್ನೊಂದು ಪಾಲು ಶಿಸ್ತಿನ ಉತ್ಪಾದನೆಯದು. ಎರಡನೆಯ ಪಾಲಿನ ಅನುಭವ ನಮ್ಮ ಕೈಗಾರಿಕಾ ವಲಯಕ್ಕೆ ಧಾರಾಳವಾಗಿದೆ. ವಾಣಿಜ್ಯ ಸಂಸ್ಥೆಗಳು ತಮ್ಮ ಸದಸ್ಯರ ಪೈಕಿ ಎಷ್ಟು ಜನರಿಗೆ ಇಂತಹ ಪರೀಕ್ಷೆಗಳ ಅಗತ್ಯವಿದೆಯೆಂದು ಮೊದಲು ಲೆಕ್ಕ ಹಾಕಿ, ಆ ಬೇಡಿಕೆಯನ್ನು ಒಟ್ಟುಗೂಡಿಸಿ ಸಾರ್ವಜನಿಕ ಪ್ರಯೋಗಾಲಯಗಳ ಮುಂದಿಡುವುದು ಸಾಧ್ಯ. ಒಬ್ಬ ಉದ್ಯಮಿಯ ವರ್ಷಕ್ಕೆರಡು ಪರೀಕ್ಷೆಗಳಿಗಾಗಿ ಯಾರೂ ಪ್ರಯೋಗಾಲಯ ತೆರೆಯಲಾರರು. ಐವತ್ತು ಉದ್ಯಮಿಗಳ ನೂರು ಪರೀಕ್ಷೆಗಳಿಗೆ ದರಪಟ್ಟಿ ತಾನಾಗಿ ಸಿದ್ಧವಾಗುತ್ತದೆ.